ಮೂರನೇ ಭಾಗಕ್ಕೆ ಬಾಯಿ ಇಲ್ಲ

ಬ್ಯಾಡಗಿ
9 ಜೂನ್ 2025

‘ಕಂಡಕ್ಟರ್ ಕೊಟ್ರಪ್ಪ’ ಆಟ ತಯಾರಿಸಿದವರಿಗೆ,

ನಿಮ್ಮ ಹೆಸರು ಗೊತ್ತಿಲ್ಲ. ಆಟದ ಕೊನೆಯಲ್ಲಿ ‘ಬೈಯುವುದಿದ್ದರೆ ಪತ್ರ ಬರೆದು ಬೈಯಿರಿ’ ಎಂದು ರಾಣೆಬೆನ್ನೂರಿನ ವಿಳಾಸ ಹಾಕಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸುರೇಖಾ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಕಚೇರಿಯಲ್ಲಿ ಕೆಲಸ. ಮನೆಯಲ್ಲಿ ಗಂಡ ಚೇತನಕುಮಾರ, ಅತ್ತೆ ಗದಿಗೆವ್ವ. ಮದುವೆಯಾಗಿ ನಾಲ್ಕು ವರ್ಷ ಅತ್ತೆಯೂ ನಾನೂ ಉಪ್ಪು, ಹಾಲು, ಗ್ಯಾಸ್ ಸಿಲಿಂಡರ್ ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಜಗಳವೇನೂ ಇರಲಿಲ್ಲ, ಮಾತು ಹುಟ್ಟುತ್ತಿರಲಿಲ್ಲ ಅಷ್ಟೆ. ಒಂದು ಸಂಜೆ ನಿಮ್ಮ ಮೊದಲನೇ ಭಾಗ ‘ಬಸ್ಸು ಎಲ್ಲಿ ಹೋತು’ ಟ್ಯಾಬಿನಲ್ಲಿ ಆಡುತ್ತಾ ಕೂತಿದ್ದೆ. ರಸ್ತೆ ಕಾಣುತ್ತಿಲ್ಲ ಎಂದು ಡ್ರೈವರ್ ಅಳುತ್ತಾನಲ್ಲ, ಆಗ ಮೂರನೇ ಸೀಟಿನ ಹೆಂಗಸು, ಎಲ್ಲರೂ ‘ಬಾಯಿ’ ಎನ್ನುವವರು, “ರಸ್ತಾಕ್ಕ ಕಾಲು ಅವ ಏನು ಎದ್ದು ಹೋಗ್ಲಿಕ್ಕೆ? ನೀನs ಕಳಕೊಂಡು ಹೋಗೀದಿ” ಎಂದರು. ಅಡುಗೆಮನೆಯಿಂದ ನಗು ಕೇಳಿಸಿತು. ಅತ್ತೆ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಯಾರವಾ ಆ ಹೆಣ್ಣಮಗಳು?” ಎನ್ನುತ್ತ ಬಂದು ಪಕ್ಕದಲ್ಲಿ ಕೂತರು. ಅವರ ಕಣ್ಣು ಮಂಜು, ಚಿತ್ರ ಅಷ್ಟಾಗಿ ಕಾಣದು. ಎಲ್ಲ ಕಿವಿಯಿಂದಲೇ. ಅಂದಿನಿಂದ ದಿನಾ ಸಂಜೆ ನಮ್ಮದು ಆಟ. ಎರಡನೇ ಭಾಗದಲ್ಲಿ ಬಾಯಿಯ ಮದುವೆಗೆ ಬರುವ ಬಸ್ಸಿನಿಂದ ಮದುಮಗನೇ ನೀರು ಕುಡಿಯಲು ಇಳಿದು ಮಾಯವಾಗುವ ಪ್ರಸಂಗವನ್ನು ಎಷ್ಟು ಸಲ ಆಡಿದ್ದೇವೋ ಲೆಕ್ಕವಿಲ್ಲ. ಈಗಲೂ ನನ್ನ ಗಂಡ ತಡವಾಗಿ ಬಂದರೆ ಅತ್ತೆ, “ನೀರು ಕುಡ್ಯಾಕ ಇಳದಾನ, ಬರ್ತಾನ” ಎನ್ನುತ್ತಾರೆ.

ಮೂರನೇ ಭಾಗಕ್ಕೆ ಎರಡು ವರ್ಷ ಕಾದೆವು. ಕೊಟ್ರಪ್ಪ ಹನ್ನೊಂದು ಸಲ ಜಾರಿ ಬೀಳುತ್ತಾನೆ. ಒಂದು ಸಲವಾದರೂ ನಗು ಬರಲೆಂದು ಕಾದೆವು. ಟಿಕೆಟ್ ತಪಾಸಣೆಯವನಿಗೆ ಹಲಸಿನ ಹಣ್ಣು ಕೊಟ್ಟರೆ ಬಾಗಿಲು ತೆರೆಯುತ್ತದೆ, ಯಾಕೆ ಎಂದು ಈಗಲೂ ಗೊತ್ತಿಲ್ಲ. ಮುಖ್ಯವಾಗಿ ಬಾಯಿ ಎಲ್ಲಿ? ಸೀಟು ಖಾಲಿ. ಕ್ಲಿಕ್ ಮಾಡಿದರೆ ‘ಇಲ್ಲಿ ಯಾರೂ ಇಲ್ಲ’ ಎಂದು ಬರುತ್ತದೆ. ಅತ್ತೆ ಎರಡು ದಿನ ಕೇಳಿ, “ಮೂರನೇದಕ್ಕ ಬಾಯಿನs ಇಲ್ಲ ಬಿಡು” ಎಂದು ಎದ್ದುಹೋದವರು ಮತ್ತೆ ಬಂದು ಕೂತಿಲ್ಲ.

ಅವರನ್ನು ಎಲ್ಲಿ ಇಳಿಸಿದಿರಿ ಎಂದಷ್ಟೇ ತಿಳಿಸಿ.

ಸುರೇಖಾ


ರಾಣೆಬೆನ್ನೂರು
17 ಜೂನ್ 2025

ಸುರೇಖಾ ಅವರಿಗೆ ನಮಸ್ಕಾರ.

ನಾನು ಹೇಮಂತ. ಇಲ್ಲಿ ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿ ನನ್ನದು, ಬಿಡುವಿನಲ್ಲಿ ಈ ಆಟದ ಉದ್ಯೋಗ. ಚಿತ್ರ ಬರೆಯುವುದು ತಂಗಿ ಹರಿಪ್ರಿಯಾ.

ಬೈದವರು ನೀವೊಬ್ಬರೇ ಅಲ್ಲ. ಅಂತರ್ಜಾಲದಲ್ಲಿ ಅಭಿಪ್ರಾಯ ಬರೆಯುವ ಜಾಗವನ್ನು ತಂಗಿಯೇ ಮುಚ್ಚಿಸಿದಳು, ನನಗೆ ಊಟ ಸೇರುತ್ತಿರಲಿಲ್ಲ. ‘ಎರಡನೇ ಭಾಗ ಹಬ್ಬದೂಟ, ಮೂರನೇದು ಆ ತಟ್ಟೆ ತೊಳೆದ ನೀರು’ ಎಂದು ದಾವಣಗೆರೆಯವರೊಬ್ಬರು ಬರೆದಿದ್ದರು. ಹೊಸರಿತ್ತಿಯ ಮಧು ಎಂಬವರು ಹಲಸಿನ ಹಣ್ಣಿನ ಮೇಲೇ ಎರಡು ಪುಟ ಬರೆದಿದ್ದಾರೆ. ಹಾವೇರಿಯ ಅಲ್ಮಾಸ ಎಂಬ ಕಾಲೇಜು ಹುಡುಗಿ ಮಾತ್ರ ‘ತುಂಬಾ ಚೆನ್ನಾಗಿದೆ, ಅಳು ಬಂತು’ ಎಂದಿದ್ದಾಳೆ. ನಾನು ಮಾಡಿದ್ದು ನಗೆಯಾಟ. ಹೊಗಳಿಕೆಯೋ ಬೈಗುಳವೋ ತಿಳಿಯದೆ ಆ ಕಾಗದವನ್ನು ಬೇರೆಯೇ ಇಟ್ಟಿದ್ದೇನೆ.

ಹಲಸಿನ ಹಣ್ಣಿಗೆ ಕಾರಣವಿತ್ತು. ಈಗ ನನಗೂ ನೆನಪಿಲ್ಲ.

ಸೀಟಿನ ವಿಷಯ ಬರೆಯುವುದು ಕಷ್ಟ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಹೇಮಂತ


ಬ್ಯಾಡಗಿ
25 ಜೂನ್ 2025

ಹೇಮಂತ ಅವರಿಗೆ,

ನಿಮ್ಮ ಕಾಗದ ಅತ್ತೆಗೆ ಓದಿ ಹೇಳಿದೆ. ‘ಬರೆಯುವುದು ಕಷ್ಟ’ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ತಡೆದರು. “ತೀರಕೊಂಡಾಳ. ನಂಗ ಮೊದಲs ಅನಿಸಿತ್ತು” ಎಂದರು. ನನಗೂ ನಾಚಿಕೆಯಾಯಿತು. ದನಿ ಕೊಟ್ಟ ಹೆಂಗಸು ಇಲ್ಲವಾಗಿರುವಾಗ ಎಲ್ಲಿ ಇಳಿಸಿದಿರಿ ಎಂದು ಚೇಷ್ಟೆಯಾಗಿ ಕೇಳಿಬಿಟ್ಟೆ. ಅಲ್ಮಾಸ ಎಂಬ ಹುಡುಗಿಗೆ ಅಳು ಬಂದದ್ದೂ ಈಗ ಅರ್ಥವಾಯಿತು. ನಮಗೆ ಬುದ್ಧಿ ಸಾಲಲಿಲ್ಲ.

ಅವರು ನಿಮಗೆ ಏನಾಗಬೇಕಿತ್ತು? ವಯಸ್ಸೆಷ್ಟಾಗಿತ್ತು? ನೋಡದ ಮನುಷ್ಯರಿಗಾಗಿ ಹೀಗೆ ದುಃಖವಾಗುವುದು ವಿಚಿತ್ರ. ಅತ್ತೆ ಆ ದಿನ ಸಂಜೆ ತಾವಾಗಿಯೇ ಟ್ಯಾಬ್ ತಂದು ಕೊಟ್ಟು, “ಹಳೇದು ಹಚ್ಚು, ಆಕಿ ದನಿ ಕೇಳೂಣು” ಎಂದರು. ಮದುಮಗನ ಪ್ರಸಂಗ ಹಾಕಿದೆ. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಮೂರನೇ ಭಾಗಕ್ಕೆ ಬೈದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಹಲಸಿನ ಹಣ್ಣೊಂದನ್ನು ಬಿಟ್ಟು.

ಸುರೇಖಾ


ರಾಣೆಬೆನ್ನೂರು
4 ಜುಲೈ 2025

ಸುರೇಖಾ ಅವರಿಗೆ,

ನಿಮ್ಮ ಕಾಗದ ಬಂತು. ಮೂರು ಸಲ ಉತ್ತರ ಬರೆದು ಹರಿದೆ.

ಅವರು ನನ್ನ ಸೋದರತ್ತೆ, ಅನಸೂಯಾಬಾಯಿ. ನಾವು ಅತ್ಯಾ ಎನ್ನುತ್ತೇವೆ. ಹಾವೇರಿಯಲ್ಲಿ ಅವರ ಮನೆಯಲ್ಲೇ ಇದ್ದು ಓದಿದವನು ನಾನು. ಆಟದಲ್ಲಿ ಅವರಿಗೆ ಮಾತು ಬರೆದುಕೊಟ್ಟದ್ದು ಕಡಿಮೆ. ಫೋನಿನ ರೆಕಾರ್ಡರ್ ಹಚ್ಚಿ ಇಡುತ್ತಿದ್ದೆ, ಅವರು ಸೊಪ್ಪು ಸೋಸುತ್ತ ಮಾತಾಡುತ್ತಿದ್ದರು, ನಾನು ಬೇಕಾದ್ದನ್ನು ಕತ್ತರಿಸಿಕೊಳ್ಳುತ್ತಿದ್ದೆ. ನಗೆ ಅವರದು, ಹೆಸರು ನನ್ನದು. ಅವರಿಲ್ಲದೆ ನಾನು ಒಬ್ಬನೇ ಬರೆದರೆ ಏನಾಗುತ್ತದೆ ಎಂಬುದನ್ನು ಹನ್ನೆರಡು ಸಾವಿರ ಮಂದಿ ನೋಡಿಯಾಯಿತು.

ನಿಮ್ಮ ಸಾಂತ್ವನಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಹೇಮಂತ


ಬ್ಯಾಡಗಿ
22 ಜುಲೈ 2025

ಹೇಮಂತ ಅವರೇ,

ನಿಮ್ಮ ಅತ್ಯಾ ಗಟ್ಟಿಮುಟ್ಟಾಗಿದ್ದಾರೆ. ನಿನ್ನೆ ನಮ್ಮ ಎದುರು ಒಂದು ಕಪ್ ಚಹಾ ಕುಡಿದರು.

ಸಿಟ್ಟು ಬಂದಿದೆಯೋ ಸಂತೋಷವಾಗಿದೆಯೋ ನನಗೇ ಗೊತ್ತಾಗುತ್ತಿಲ್ಲ, ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅತ್ತೆಯ ಕಣ್ಣು ತೋರಿಸಲು ಹಾವೇರಿಗೆ ಹೋಗಿದ್ದೆವು. ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿಕೊಂಡು ಕೂಡಿರಿ ಎಂದು ಬೆಂಚಿನ ಮೇಲೆ ಕೂಡಿಸಿದ್ದರು. ಆಗ ಆ ಕಡೆಯಿಂದ ಒಂದು ದನಿ ಕಂಪೌಂಡರನಿಗೆ ಹೇಳುತ್ತಿತ್ತು: “ನಂಬರು ನಂದು ಏಳು. ಎಂಟು ಒಳಗ ಹೋಗ್ಯದ, ಒಂಬತ್ತೂ ಹೋಗ್ಯದ. ನಿಮ್ಮ ಊರಾಗ ಏಳು ಎಲ್ಲಿ ಬರ್ತದ ಹೇಳಪಾ, ಅಲ್ಲೇ ಹೋಗಿ ನಿಂದರ್ತೀನಿ.”

ಅತ್ತೆ ನನ್ನ ಕೈ ಹಿಡಿದರು.

“ಸುರೇಖಾ, ಬಾಯಿ ಬಂದಾಳ!”

“ಸುಮ್ಮನಿರ್ರಿ ಅತ್ತಿ, ಯಾರೋ ಬ್ಯಾರೇದವರು.”

“ಕಣ್ಣು ಮುಚ್ಚೇನಿ, ಕಿವಿ ಮುಚ್ಚಿಲ್ಲ ನಾ. ಆಕೀನ ಅದಾಳ. ಕರಿ ಆಕೀನ್ನ.”

ಕರೆಯಬೇಕಾಗಲಿಲ್ಲ. ಅವರೇ ಬಂದು ಪಕ್ಕದಲ್ಲಿ ಕೂತರು. ಅತ್ತೆ ಕಣ್ಣು ಮುಚ್ಚಿಕೊಂಡೇ ಅವರ ಕೈ ಹುಡುಕಿ ಹಿಡಿದು, “ಸತ್ತೀರಿ ಅಂತ ತಿಳಕೊಂಡಿದ್ವಿ ನಾವು” ಎಂದುಬಿಟ್ಟರು. ಅವರು ಒಂದು ಕ್ಷಣ ತಬ್ಬಿಬ್ಬಾಗಿ, “ಇನ್ನೂ ನಂಬರ್ ಬಂದಿಲ್ರಿ, ಏಳರಾಗs ನಿಂತೀನಿ” ಎಂದರು. ಮೂವರೂ ನಕ್ಕೆವು. ಹೆಸರು ಕೇಳಿದರೆ ಅನಸೂಯಾಬಾಯಿಯವರೇ; ನಿಮಗೆ ಕಾಗದ ಬರೆಯುತ್ತಿರುವುದನ್ನು ಹೇಳಿ, ಬಾಗಿಲ ಬಳಿ ಚಹಾ ಮಾರುವವನಿಂದ ಮೂರು ಕಪ್ ತರಿಸಿದೆ. ಅತ್ತೆ ಮಾತಾಡಿದ್ದೇ ಮಾತಾಡಿದ್ದು. ಮದುಮಗ ನೀರು ಕುಡಿಯಲು ಇಳಿದ ಪ್ರಸಂಗವನ್ನು ಅವರಿಗೇ ಆಡಿ ತೋರಿಸಿದರು.

ಅನಸೂಯಾಬಾಯಿಯವರು ಅಲ್ಲಿಂದ ಮುಂದೆ ಮಾತಾಡಲಿಲ್ಲ. ಚಹಾ ಪೂರ್ತಿ ಕುಡಿದರು, ಅಷ್ಟೆ.

ಆಮೇಲೆ ಅತ್ತೆಯನ್ನು ಡಾಕ್ಟರು ಒಳಗೆ ಕರೆದಾಗ ಬಾಯಿಯವರು ನನಗೆ ಒಂದು ಮಾತು ಹೇಳಿದರು. ನಿಮಗೆ ಹೇಳಕೂಡದು ಎಂದು ಮಾತು ತೆಗೆದುಕೊಂಡಿದ್ದಾರೆ. ನಾನು ಹೇಳುವುದಿಲ್ಲ.

ಆದರೆ ನಾನು ನಿಮಗೆ ಸಾವಿನ ಸಾಂತ್ವನ ಬರೆದಾಗ ‘ಅವರು ಬದುಕಿದ್ದಾರೆ’ ಎಂದು ಎರಡು ಪದ ಬರೆಯಲು ನಿಮಗೇನು ಕಷ್ಟವಾಗಿತ್ತು?

ಸುರೇಖಾ


ರಾಣೆಬೆನ್ನೂರು
30 ಜುಲೈ 2025

ಸುರೇಖಾ ಅವರಿಗೆ,

ತಪ್ಪು ನನ್ನದು. ಸುಳ್ಳು ಬರೆಯಲಿಲ್ಲ, ನಿಜವನ್ನೂ ಬರೆಯಲಿಲ್ಲ. ‘ಬದುಕಿದ್ದಾರೆ, ಆದರೆ ನನ್ನೊಡನೆ ಮಾತಾಡುತ್ತಿಲ್ಲ’ ಎಂದು ಬರೆಯಬೇಕಾಗುತ್ತಿತ್ತು. ಯಾಕೆ ಎಂದು ನೀವು ಕೇಳುತ್ತಿದ್ದಿರಿ. ನನಗೆ ಗೊತ್ತಿಲ್ಲ.

ಎರಡನೇ ಭಾಗ ಬಂದ ಐದಾರು ತಿಂಗಳಿಗೆ ಶುರುವಾಯಿತು. ರೆಕಾರ್ಡಿಂಗಿಗೆ ಹೋದರೆ, “ಗಂಟಲು ಬ್ಯಾನಿ ಅದ” ಎಂದರು. ಮುಂದಿನ ತಿಂಗಳೂ ಗಂಟಲು ನೋವು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಮನೆಗೆ ಹೋದರೆ ಊಟಕ್ಕೆ ಹಾಕುತ್ತಾರೆ, ಮಾತಿಲ್ಲ. ನಾನು ರಾಣೆಬೆನ್ನೂರಿಗೆ ಬಂದು ಅಂಗಡಿ ಹಾಕಿದ್ದಕ್ಕೆ ಇರಬಹುದೆ? ಆಟದ ಕೊನೆಯಲ್ಲಿ ತಂಗಿಯ ಹೆಸರು ಮೊದಲು, ಅವರದು ಆಮೇಲೆ ಬರುತ್ತದೆ, ಅದಕ್ಕೆ ಇರಬಹುದೆ? ಹರಿಪ್ರಿಯಾ ಬರೆದ ಚಿತ್ರದಲ್ಲಿ ಮೂಗು ದಪ್ಪವಾಗಿದೆ, ಅದೂ ಇರಬಹುದು. ಎರಡನೇ ಭಾಗ ತಯಾರಾದಾಗ ಮೊದಲು ಕೇಳಿಸಿದ್ದೇ ಅವರಿಗೆ. ನಕ್ಕಿದ್ದರು, ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ವಿಷಯ. ನಿಮಗೆ ಸಂತೋಷವಾಗುತ್ತದೆ. ಹಳೆಯ ರೆಕಾರ್ಡಿಂಗ್ ನಲವತ್ತು ತಾಸಿನಷ್ಟು ನನ್ನ ಹತ್ತಿರ ಇವೆ. ಅವನ್ನು ಕೇಳಿಸಿದರೆ ಕಂಪ್ಯೂಟರೇ ಅತ್ಯಾನ ದನಿಯಲ್ಲಿ ಹೊಸ ಮಾತು ಆಡುತ್ತದೆ. ಮೊನ್ನೆ ಒಂದು ಸಾಲು ಆಡಿಸಿ ನೋಡಿದೆ. ಹರಿಪ್ರಿಯಾ ಒಳಗಿನಿಂದ “ಅತ್ಯಾ ಬಂದಾಳೇನು?” ಎಂದು ಓಡಿ ಬಂದಳು. ದೀಪಾವಳಿಯ ಹೊತ್ತಿಗೆ ಮೂರನೇ ಭಾಗದ ಖಾಲಿ ಸೀಟಿಗೆ ಬಾಯಿಯನ್ನು ತಂದು ಕೂಡಿಸುತ್ತೇನೆ. ಜನ ಕೇಳುತ್ತಿರುವುದೂ ಅದನ್ನೇ. ಮದುಮಗನ ಪ್ರಸಂಗವನ್ನೂ ಮುಂದುವರಿಸೋಣ ಎಂದಿದ್ದೇನೆ, ಈ ಸಲ ಅವನು ತಿರುಗಿ ಬರುತ್ತಾನೆ.

ಅವರು ನಿಮಗೆ ಏನು ಹೇಳಿದರು? ಗಂಟಲಿನ ವಿಷಯವೆ?

ಹೇಮಂತ


ಬ್ಯಾಡಗಿ
5 ಆಗಸ್ಟ್ 2025

ಹೇಮಂತ ಅವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕೊಟ್ಟ ಮಾತು ಮುರಿಯುತ್ತಿದ್ದೇನೆ. ಮುರಿಯದಿದ್ದರೆ ನೀವು ದೀಪಾವಳಿಗೆ ಮಾಡಲಿರುವುದು ಇದಕ್ಕಿಂತ ಕೆಟ್ಟದ್ದು ಅನ್ನಿಸಿತು. ಸರಿಯೋ ತಪ್ಪೋ ನನಗೆ ತಿಳಿಯದು.

ಆಸ್ಪತ್ರೆಯಲ್ಲಿ ಅತ್ತೆ ಒಳಗೆ ಹೋದಾಗ ನಾನು ಅನಸೂಯಾಬಾಯಿಯವರಿಗೆ, “ನಮ್ಮ ಅತ್ತಿ ಏನರ ತಪ್ಪು ಮಾತಾಡಿದ್ರೇನ್ರಿ?” ಎಂದು ಕೇಳಿದೆ.

“ನಿಮ್ಮ ಅತ್ತಿಯವರದೇನ ತಪ್ಪು? ಅದು ಆಟ ಅಂತ ತಿಳಕೊಂಡಾರ.”

“ಆಟ ಅಲ್ಲೇನ್ರಿ?”

“ಇಪ್ಪತ್ತೆರಡು ವರ್ಷದಾಕಿ ಇದ್ದೆ ನಾ. ಗಳಗನಾಥದಾಗ ಮದುವಿ. ಬೀಗರು ಬರೋ ಬಸ್ಸಿಗೆ ನಮ್ಮ ಮಂದಿ ವಾಲಗ ತಗೊಂಡು ಎದುರು ಹೋಗಿ ನಿಂತಿದ್ರು. ಎಲ್ಲಾರೂ ಇಳದ್ರು, ಅವ ಇಳೀಲಿಲ್ಲ. ಹಿಂದಿನ ಸ್ಟಾಪಿನ್ಯಾಗ ನೀರು ಕುಡೀಲಿಕ್ಕೆ ಇಳದಾನ, ಬರ್ತಾನ ಅಂದ್ರು. ಸಂಜೀ ತನಕ ವಾಲಗದವರು ಬಾರಿಸಿಕೋತ ಕೂತಿದ್ರು.”

ನೂರು ಸಲ ಆಡಿ ನಕ್ಕ ಪ್ರಸಂಗ ಅದು. ಆದರೂ ಕೇಳಿದೆ: “ಹೇಮಂತ ಅವರಿಗೆ ನೀವs ಹೇಳಿದ್ರಂತಲ್ರಿ? ನಗಿ ನಿಮ್ಮದs ಅಂತ ಬರದಾರ ಅವರು.”

“ಖರೇ. ನಾನs ನಕ್ಕೋತ ಹೇಳೀನಿ, ಸುಳ್ಳಲ್ಲ. ಮನ್ಯಾಗ, ನಮ್ಮವರ ಮುಂದ. ಯಾರು ನಗಬೇಕು, ಎಷ್ಟು ನಗಬೇಕು ಅನ್ನೋದು ಅವಾಗ ನನ್ನ ಕೈಯಾಗ ಇತ್ತು. ಅವ ಮಷಿನ್ನಿನ್ಯಾಗ ಕೇಳಿಸಿದಾಗೂ ನಕ್ಕೆ. ಅದು ಎಲ್ಲೆಲ್ಲಿ ಹೋಗಿ ಮುಟ್ಟತದ ಅನ್ನೋದು ನನಗ ಎಲ್ಲಿ ತಿಳೀಬೇಕು? ಈಗ ನಳಕ್ಕ ಕೊಡಾ ಹಿಡದು ನಿಂತ್ರ ಓಣ್ಯಾಗಿನವರು ‘ಬಾಯಾರ, ನೀರು ಕುಡ್ಯಾಕ ಹೋದಾವ್ರು ಬಂದ್ರೇನ್ರಿ’ ಅಂತಾರ. ಒಂದು ಮದುವ್ಯಾಗ ಪಂಕ್ತಿಗೆ ಕೂತಾಗ ಅಂದ್ರು. ಉಣ್ಣದs ಎದ್ದು ಬಂದೆ.”

“ಅವರಿಗೆ ತಿಳಿಸಿ ಹೇಳಬೇಕಿತ್ರಿ.”

“ನನ್ನ ಕೈಯಾಗ ಬೆಳದ ಹುಡುಗ. ಅವಗ ಇದನ್ನ ನಾ ತಿಳಿಸಿ ಹೇಳಬೇಕೇನು? ನೀವೂ ಹೇಳಬ್ಯಾಡ್ರಿ.”

ಇಷ್ಟೇ ಅವರು ಹೇಳಿದ್ದು. ಕಂಪ್ಯೂಟರಿನ ದನಿಯಲ್ಲಿ ಆ ಮದುಮಗನನ್ನು ಕರೆಸಬೇಡಿ. ದಯವಿಟ್ಟು.

ಸುರೇಖಾ


ಬ್ಯಾಡಗಿ
10 ಸೆಪ್ಟೆಂಬರ್ 2025

ಹೇಮಂತ ಅವರಿಗೆ,

ತಿಂಗಳ ಮೇಲಾಯಿತು, ನಿಮ್ಮಿಂದ ಉತ್ತರವಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದೀರೋ ಏನೋ ಅಂದುಕೊಂಡಿದ್ದೆ. ಕಳೆದ ವಾರ ಎರಡನೇ ಭಾಗ ತೆರೆದರೆ ಮದುಮಗನ ಪ್ರಸಂಗವೇ ಇಲ್ಲ. ಬಸ್ಸು ಗಳಗನಾಥದ ದಾರಿಯನ್ನು ಬಿಟ್ಟು ಮೇಡ್ಲೇರಿಗೆ ನೇರ ಹೋಗುತ್ತದೆ. ಏನೂ ಹೇಳಿಲ್ಲ, ಸುಮ್ಮನೆ ತೆಗೆದಿದ್ದೀರಿ. ಅಲ್ಲಲ್ಲಿ ಜನ ಮತ್ತೆ ಬೈಯತೊಡಗಿದ್ದಾರೆ. ಮೂರನೇದನ್ನು ಹಾಳುಮಾಡಿದ್ದು ಸಾಲದೆ ಎರಡನೇದಕ್ಕೂ ಕೈ ಹಾಕಿದ ಎಂದು ಒಬ್ಬರು ಬರೆದಿದ್ದನ್ನು ಓದಿದೆ. ಅವರಿಗೆ ಉತ್ತರ ಕೊಡಬೇಕೆನಿಸಿತು, ಏನೆಂದು ಕೊಡಲಿ?

ಅತ್ತೆಗೆ ಏನೂ ಹೇಳಿರಲಿಲ್ಲ. “ನೀರು ಕುಡ್ಯೂದು ಎಲ್ಲೈತಿ?” ಎಂದು ಕೇಳಿದರು. ತೆಗೆದಿದ್ದಾರೆ ಎಂದೆ. ಯಾಕೆ ಎಂದರು. ಕೊನೆಗೆ ಎಲ್ಲ ಹೇಳಬೇಕಾಯಿತು.

ಟ್ಯಾಬನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ನಾ ಆಕೀ ಕೈ ಹಿಡಕೊಂಡು ಕುಂತು ನಕ್ಕೆನಲ್ಲವಾ” ಎಂದರು. “ಕಣ್ಣು ತಗದಿದ್ರ ಆಕೀ ಮಾರಿ ಕಾಣತಿತ್ತು. ಸುಮ್ಮನಾಗತಿದ್ನೇನೋ.”

ನಾನು ಸಮಾಧಾನಕ್ಕೆ, ಅದು ಗೊತ್ತಿಲ್ಲದೆ ಆದದ್ದು ಎಂದೆ.

“ಗೊತ್ತಿಲ್ಲದ ಆತು ಖರೇ. ಈಗ ಗೊತ್ತಾಗೇತಲ್ಲ, ಏನು ಮಾಡೂದು?”

ಆ ರಾತ್ರಿ ಗಂಡ ತಡವಾಗಿ ಬಂದ. ಅತ್ತೆ ಬಾಯಿ ತೆರೆದವರು ಮುಚ್ಚಿಕೊಂಡು ಒಳಗೆ ಹೋದರು. ಬೆಳಗ್ಗೆ ಎದ್ದವರೇ ಹಾವೇರಿಗೆ ನಡಿ ಅನ್ನುತ್ತಿದ್ದಾರೆ. ಹೋಗಿ ಏನು ಹೇಳುತ್ತೀರಿ ಎಂದರೆ, “ಹೋದಮ್ಯಾಲ ತಿಳೀತೈತಿ” ಎನ್ನುತ್ತಾರೆ. ಅವರ ಮನೆ ಎಲ್ಲಿ ಎಂದು ನಮಗೆ ಗೊತ್ತಿಲ್ಲ. ಹೋಗುವುದು ಸರಿಯೋ, ಹೋಗದಿರುವುದು ಸರಿಯೋ, ಅದೂ ಗೊತ್ತಿಲ್ಲ. ವಿಳಾಸ ಕೊಡುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಸುರೇಖಾ


ರಾಣೆಬೆನ್ನೂರು
26 ಸೆಪ್ಟೆಂಬರ್ 2025

ಸುರೇಖಾ ಅವರಿಗೆ,

ನಿಮ್ಮ ಮೇಲೆ ಸಿಟ್ಟಿಲ್ಲ. ಆಗಸ್ಟಿನ ಕಾಗದ ಬಂದ ದಿನ ಅಂಗಡಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ಹೋದೆ. ಹಾವೇರಿ ಬಸ್ಸು ಬಂತು, ಹತ್ತಲಿಲ್ಲ. ಎರಡನೇದೂ ಬಂತು. ಹೋಗಿ ಏನೆಂದು ಶುರುಮಾಡುವುದು? ಅವರ ಜೊತೆ ನಗೆಯಾಡದೆ ಮಾತಾಡಿದ್ದೇ ಇಲ್ಲ ನಾನು. ತಿರುಗಿ ಬಂದು ಆ ಪ್ರಸಂಗವನ್ನೂ ಕಂಪ್ಯೂಟರ್ ದನಿಯನ್ನೂ ಅಳಿಸಿ ಹಾಕಿದೆ. ಹಳೆಯ ರೆಕಾರ್ಡಿಂಗ್ ಮಾತ್ರ ಅಳಿಸಲು ಕೈ ಬರಲಿಲ್ಲ. ಅವು ನನ್ನವೋ ಅವರವೋ ಎಂಬುದೇ ಬಗೆಹರಿಯಲಿಲ್ಲ.

ನಿನ್ನೆ ಹೋದೆ. ನಿಮ್ಮ ಕಾಗದ ಜೇಬಿನಲ್ಲಿತ್ತು. ನಿಮ್ಮ ಅತ್ತೆಯವರಿಗೇ ಹೋಗುವ ಧೈರ್ಯವಿದ್ದರೆ ನನಗೇನಾಗಿದೆ ಅನ್ನಿಸಿತು.

ಅತ್ಯಾ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದರು. ನಾನು, “ಅತ್ಯಾ, ಅದನ್ನ ತಗದೀನಿ” ಎಂದೆ. ಅವರು ಸೀರೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಹಿಂಡಿದೆವು.

“ಎಷ್ಟು ಮಂದಿ ಕೇಳ್ಯಾರ ಅದನ್ನ?” ಎಂದು ಕೇಳಿದರು.

“ಹದಿನೈದು ಸಾವಿರ ಇರಬಹುದು.”

“ಈಗ ತಗದರ ಅವರ ತಲ್ಯಾಗಿಂದ ಹೋಗ್ತದೇನು?”

“ಇಲ್ಲ.”

“ಮತ್ತ್ಯಾಕ ತಗದಿ?”

ನಾನು ಸೀರೆಯನ್ನು ತಂತಿಗೆ ಹಾಕಿದೆ. ಅವರು ಒದ್ದೆ ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು. “ಅಷ್ಟು ಮಂದಿಗೆ ತಿಳಿಸಿ ಹೇಳಲಿಕ್ಕೆ ನನ್ನ ಕೈಲೆ ಆಗೂದಿಲ್ಲ. ನಿನಗೊಬ್ಬಂಗ ಹೇಳ್ತೀನಿ. ಕೂಡು.”

ಹೇಳಿದರು. ಮೊದಲಿನಿಂದ, ಆ ದಿನ ಬೆಳಗ್ಗೆ ಎದ್ದಲ್ಲಿಂದ. ನಾನು ಚಿಕ್ಕಂದಿನಿಂದ ಕೇಳುತ್ತ ಬಂದ ಕಥೆ ಬಸ್ಸು ಬಂದಲ್ಲಿಂದ ಶುರುವಾಗಿ ವಾಲಗದವರ ಮೇಲಿನ ನಗೆಯಲ್ಲಿ ಮುಗಿಯುತ್ತಿತ್ತು. ಅದಕ್ಕೆ ಹಿಂದೆ ಅಷ್ಟಿತ್ತು, ಮುಂದೆ ಅಷ್ಟಿತ್ತು. ಒಂದು ಸಲವೂ ಅವರು ನಗಲಿಲ್ಲ, ಅಳಲೂ ಇಲ್ಲ. ಏನು ಹೇಳಿದರು ಎಂಬುದನ್ನು ನಿಮಗೆ ಬರೆಯುವುದಿಲ್ಲ. ಬೇಸರಪಟ್ಟುಕೊಳ್ಳಬೇಡಿ.

ನಿಮ್ಮ ಅತ್ತೆಯವರ ವಿಷಯ ಕೇಳಿದೆ. “ಬರಲಿ. ತಪ್ಪಾತು-ಗಿಪ್ಪಾತು ಅಂತ ಬರೋದಿದ್ರ ಬ್ಯಾಡ. ಮಾತಾಡ್ಲಿಕ್ಕೆ ಬರಲಿ. ಕಣ್ಣು ಏನಂದ್ರು ಡಾಕ್ಟರು ಅಂತ ಕೇಳು” ಎಂದರು. ವಿಳಾಸವನ್ನು ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ನೀವು ಮಾತು ಮುರಿದದ್ದನ್ನೂ ಹೇಳಿದೆ. ಅದಕ್ಕೆ ಹೂಂ ಎಂದರು. ಯಾವ ಅರ್ಥದ ಹೂಂ ಎಂದು ನನಗೆ ತಿಳಿಯಲಿಲ್ಲ.

ಇನ್ನು ಮೂರನೇ ಭಾಗ. ಅದು ಹಾಗೇ ಇರಲಿ, ಕೆಟ್ಟದಾಗಿ. ನಾಲ್ಕನೇದು ಮಾಡುತ್ತೇನೋ ಇಲ್ಲವೋ ಗೊತ್ತಿಲ್ಲ.

ನಾನು ಹೊರಟಾಗ ಅತ್ಯಾ ಬಾಗಿಲ ತನಕ ಬಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಆಗಲೇ ಓಣಿಯಲ್ಲಿ ಒಂದು ಟ್ರ್ಯಾಕ್ಟರ್ ಬಂತು. ಅವರು ಏನೋ ಅಂದರು. “ಹೋಗಿ ಬಾ” ಅಂದರೋ, ಬರೀ “ಹೋಗು” ಅಂದರೋ ಆ ಸದ್ದಿನಲ್ಲಿ ಕೇಳಿಸಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಒಳಗೆ ಹೋಗಿದ್ದರು. ಬಸ್ಸಿನ ದಾರಿಯುದ್ದಕ್ಕೂ ಅದನ್ನೇ ಎರಡು ಬಗೆಯಲ್ಲೂ ಅಂದು ಅಂದು ನೋಡಿದೆ. ಎರಡೂ ಅವರ ದನಿಯಲ್ಲೇ ಕೇಳುತ್ತವೆ.

ಗುರುವಾರ ಮತ್ತೆ ಹೋಗುತ್ತೇನೆ.

ಹೇಮಂತ